ಹೋಗದ ಚೆಂಡುಗಳ ಲೆಕ್ಕ

ಫೆಬ್ರುವರಿ 4, ಮಂಗಳವಾರ

ಆಪರೇಷನ್ ಆಗಿ ಒಂದು ದಿನ ಕಳೆಯಿತು. ಹೆಂಡತಿಯ ಎಡಗಣ್ಣಿನ ಒಳಪದರ ಕಳಚಿಕೊಂಡಿತ್ತು. ಅದನ್ನು ಮತ್ತೆ ಕೂರಿಸಿ, ಅಂಟಿಕೊಳ್ಳುವ ತನಕ ಒತ್ತಿ ಹಿಡಿಯಲಿ ಎಂದು ಕಣ್ಣಿನೊಳಗೆ ಗಾಳಿಯ ಗುಳ್ಳೆಯೊಂದನ್ನು ಬಿಟ್ಟಿದ್ದಾರೆ. ಗುಳ್ಳೆಗೆ ಮೇಲಕ್ಕೇರುವ ಬುದ್ಧಿ. ಅದು ಕಣ್ಣಿನ ಹಿಂಬದಿಗೆ ಹೋಗಿ ನಿಲ್ಲಬೇಕಾದರೆ ಇವಳು ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಊಟಕ್ಕೂ ಹಾಗೆ, ನಿದ್ದೆಗೂ ಹಾಗೆ. ಎರಡು ವಾರ.

ನಡುವೆ ತೂತಿರುವ ದಿಂಬು ಬೇಕೆಂದರು. ಅಂಗಡಿಯಲ್ಲಿ ಸಿಕ್ಕಿದ್ದು ಕಲ್ಲಿನಂತಿತ್ತು. ನಾನೇ ಒಂದು ಹೊಲಿದೆ. "ಕೆನ್ನೆಗೆ ಹೊಲಿಗೆ ಒತ್ತುತ್ತೆ ರೀ" ಎಂದಳು. ಬಿಚ್ಚಿ, ಹೊಲಿಗೆ ಹೊರಗಡೆ ಬರುವಂತೆ ಮತ್ತೆ ಹೊಲಿದೆ.

ನಾಲ್ಕು ಗಂಟೆಗೊಮ್ಮೆ ಕಣ್ಣಿಗೆ ಹನಿ ಹಾಕಬೇಕು. ನನ್ನ ಹೊಲಿಗೆ ಅಂಗಡಿಯಲ್ಲಿ ಆಸ್ಪತ್ರೆಯ ನರ್ಸುಗಳ ನೂರಿಪ್ಪತ್ತು ಕೋಟು ಬಾಕಿ. ಮೈಯನ್ನು ಹಿಂಡಿ ಒಣಗಲು ಹಾಕಿದ ಹಾಗಾಗಿದೆ.

ಫೆಬ್ರುವರಿ 6, ಗುರುವಾರ

"ರೀ, ಶನಿವಾರ ನೀವು ಮ್ಯಾಚಿಗೆ ಹೋಗ್ಬೇಕು" ಎಂದಳು. ತಲೆ ಮೇಜಿನ ಮೇಲೆ ಬಾಗಿದ್ದರಿಂದ ಮೇಜಿಗೆ ಹೇಳಿದಂತಿತ್ತು.

"ನಾನು ಹೋಗಿ ಏನ್ ಮಾಡ್ಲಿ?"

"ಲೆಕ್ಕ ಬರೀರಿ. ಬರೀತಿದ್ದ ಹುಡುಗಿ ಬಾಣಂತನಕ್ಕೆ ಹೋಗಿದಾಳೆ. ಐದು ಮ್ಯಾಚ್ ಉಳಿದಿದೆ. ನಾನು ನೋಡೋ ಹಾಗಿಲ್ಲ, ಫೋನಲ್ಲೂ ನೋಡ್ಬಾರ್ದು ಅಂದಿದಾರೆ."

ಇವಳು ಹಗಲು ಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರ್, ಸಂಜೆ ಕ್ಲಬ್ಬಿನ ಹೆಂಗಸರ ಬಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್. ಹನ್ನೊಂದು ವರ್ಷದಿಂದ ಕೋಚ್. ಈ ಸಲ ತಂಡ ಕೊನೆಯ ಸಾಲಿನಲ್ಲಿದೆ. ಎಂಟು ತಂಡಗಳಲ್ಲಿ ಕೊನೆಯ ಎರಡು ಕೆಳಗಿನ ಲೀಗಿಗೆ ಇಳಿಯುತ್ತವೆ. ಇಳಿದರೆ ಹೆಂಗಸರ ತಂಡವನ್ನು ಮುಚ್ಚಿ ಆ ಹೊತ್ತನ್ನು ಬ್ಯಾಡ್ಮಿಂಟನ್‌ನವರಿಗೆ ಕೊಡುತ್ತೇನೆ ಎಂದು ಕ್ಲಬ್ಬಿನ ಕಾರ್ಯದರ್ಶಿ ಹೇಳಿದ್ದಾರಂತೆ.

"ಟಿವಿಯಲ್ಲಿ ಆಟ ಬಂದ್ರೆ ಎದ್ದು ಹೋಗೋನು ಕಣೆ ನಾನು."

"ಗೊತ್ತು. ಹತ್ತೊಂಬತ್ತು ವರ್ಷದಿಂದ ನೋಡ್ತಿದೀನಿ ಆ ಬೆನ್ನನ್ನ."

ಹೂಂ ಎಂದೆ. ಬೇಡ ಎನ್ನುವುದಕ್ಕೂ ಶಕ್ತಿ ಬೇಕು.

ಫೆಬ್ರುವರಿ 8, ಶನಿವಾರ

ಸೋತರು. 51–60. ತಲೆ ಸಿಡಿಯುತ್ತಿದೆ. ಆ ಸೀಟಿ, ಮರದ ನೆಲದ ಮೇಲೆ ಬೂಟುಗಳ ಕಿರುಚಾಟ. ಹತ್ತು ಜನ ಒಂದೇ ಸಮನೆ ಓಡುತ್ತಾರೆ. ಒಬ್ಬಳನ್ನು ನೋಡಿ ಬರೆದು ತಲೆ ಎತ್ತುವಷ್ಟರಲ್ಲಿ ಉಳಿದವರೆಲ್ಲ ಆಚೆ ತುದಿಯಲ್ಲಿ.

ಹಾಳೆಯಲ್ಲಿ ಒಬ್ಬೊಬ್ಬಳಿಗೆ ಒಂದೊಂದು ಸಾಲು. ಅಡ್ಡಕ್ಕೆ ಮನೆಗಳು: ಎರಡಂಕ, ಮೂರಂಕ, ಫ್ರೀ ಥ್ರೋ, ರೀಬೌಂಡ್, ಅಸಿಸ್ಟ್, ಟರ್ನೋವರ್, ಫೌಲ್. ಅಸಿಸ್ಟ್ ಎಂದರೆ ಸಹಾಯ ಎಂದು ಹೇಳಿ ಕಳಿಸಿದ್ದಳು. ಬಿದ್ದವಳ ಕೈ ಹಿಡಿದು ಎತ್ತಿದ ಹುಡುಗಿಗೆ ಒಂದು ಹಾಕಿದೆ.

ಹುಡುಗಿಯರು ಇವಳನ್ನು ಅಕ್ಕ ಎನ್ನುತ್ತಾರೆ. ಹಾಗಾಗಿ ನಾನು ಬೆಂಚಿನವರಿಗೆಲ್ಲ ಭಾವ. ಇವಳಿಲ್ಲದಾಗ ತಂಡ ನಡೆಸುವವಳು ಕ್ಯಾಪ್ಟನ್. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವುದರಿಂದ ಅವಳ ಹೆಸರು ಕಂಪೌಂಡರ್. ಎತ್ತರದವಳು ಏಣಿ. ಲೈಬ್ರರಿಯಲ್ಲಿ ಕೆಲಸ, ಮೇಲಿನ ಕಪಾಟಿನ ಪುಸ್ತಕಕ್ಕೆ ಬೇರೆ ಏಣಿ ಬೇಕಾಗುವುದಿಲ್ಲವಂತೆ. ಬೆಂಚಿನ ತುದಿಯಲ್ಲಿ ಮಾತಿಲ್ಲದೆ ಕೂರುವವಳು ಅಂಚೆ. ನಮ್ಮ ಬೀದಿಗೆ ಕಾಗದ ತರುವವಳೇ ಅವಳು. ಆರು ವರ್ಷದಿಂದ ಅಂಗಡಿಗೆ ಬರುತ್ತಿದ್ದಾಳೆ, ಆಟ ಆಡುತ್ತಾಳೆಂದು ನನಗೆ ಇವತ್ತು ಗೊತ್ತಾಯಿತು.

ಫೆಬ್ರುವರಿ 9, ಭಾನುವಾರ

ಹಾಳೆಯನ್ನು ಓದಿ ಹೇಳಿದೆ. ಅಸಿಸ್ಟ್ ಸಂಗತಿ ಬಂದಾಗ ದಿಂಬಿನೊಳಗೇ ನಕ್ಕಳು. "ನಗಿಸ್ಬೇಡಿ, ಕಣ್ಣಿನ ಹೊಲಿಗೆ ಎಳೆಯುತ್ತೆ." ಪಾಸ್ ಕೊಟ್ಟು, ಆ ಪಾಸಿನಿಂದಲೇ ಅಂಕ ಬಂದರೆ ಕೊಟ್ಟವಳಿಗೆ ಒಂದು ಅಸಿಸ್ಟ್, ಅಷ್ಟೇ ಎಂದಳು.

ಏಣಿಗೆ ಇಪ್ಪತ್ತೆರಡು ಅಂಕ ಎಂದಾಗ ಕೇಳಿದಳು: "ಎಷ್ಟು ಎಸೆದ್ಲು?"

"ಹನ್ನೊಂದು ಗೀಟು ಇದೆ."

"ಅದು ಒಳಗೆ ಹೋಗಿದ್ದು. ಎಸೆದಿದ್ದು ಎಷ್ಟು?"

ಹೋಗದ ಚೆಂಡನ್ನು ಬರೆಯಬೇಕೆಂದು ನನಗೆ ಹೊಳೆದಿರಲಿಲ್ಲ.

"ಒಳಗೆ ಹೋಗಿದ್ದನ್ನ ಊರೇ ನೋಡಿರುತ್ತೆ ರೀ. ಬೋರ್ಡಿನ ಮೇಲೂ ಬರುತ್ತೆ. ಹೋಗದೆ ಇದ್ದಿದ್ದನ್ನ ಬರ್ಕೊಂಡು ಬರ್ಲಿ ಅಂತಾನೇ ನಿಮ್ಮನ್ನ ಕಳಿಸಿದ್ದು."

ಅರ್ಧ ದಿನ ಹಾಳಾಯಿತು. ಕೋಟು ನೂರೆಂಟು ಬಾಕಿ.

ಫೆಬ್ರುವರಿ 12, ಬುಧವಾರ

ಅಂಗಡಿ ಮುಚ್ಚಿ ಬಂದ ಮೇಲೆ ಪಾಠ. ಅವಳು ಕುರ್ಚಿಯಲ್ಲಿ ಬಾಗಿ ಕೂತಿದ್ದಳು. ಅವಳ ಬಲಗಣ್ಣಿಗೆ ಕಾಣುವಂತೆ ನೆಲದ ಮೇಲೆ ನಾನು ಗುಂಡಿಗಳನ್ನು ಹರಡಿ ಕೂತೆ. ಹತ್ತು ಬಿಳಿ, ಹತ್ತು ಕಪ್ಪು.

"ಬಿಳೀದು ಏಣಿ. ಹತ್ತು ಸಲ ಹತ್ತಿರದಿಂದ ಎಸೆದ್ಲು, ಐದು ಹೋಯ್ತು. ಕಪ್ಪು ಕಂಪೌಂಡರ್. ದೂರದ ಗೆರೆಯಿಂದ ಹತ್ತು ಎಸೆದ್ಲು, ನಾಲ್ಕು ಹೋಯ್ತು. ಯಾರು ವಾಸಿ?"

"ಏಣಿ. ನೂರಕ್ಕೆ ಐವತ್ತು."

"ದೂರದ್ದಕ್ಕೆ ಮೂರಂಕ ಅಲ್ವಾ? ಕೂಡಿಸಿ."

ಏಣಿಗೆ ಹತ್ತು, ಕಂಪೌಂಡರಿಗೆ ಹನ್ನೆರಡು. ಗುಂಡಿಗಳನ್ನು ಎರಡು ಸಲ ಎಣಿಸಿದೆ. ಕಡಿಮೆ ಸಲ ಹೋದವಳಿಂದ ಹೆಚ್ಚು ಅಂಕ. ಹಾಗಾದರೆ ಶೇಕಡಾ ಯಾಕೆ ಬೇಕು ಎಂದು ಕೇಳಿದೆ.

"ಒಂದೇ ಸಲ ಎಸೆದು ಒಂದು ಹೋಯ್ತು ಅಂದ್ರೆ ನೂರಕ್ಕೆ ನೂರು. ಅವಳನ್ನ ನಂಬಿ ಮ್ಯಾಚ್ ಆಡಿಸ್ತೀರಾ? ಶೇಕಡಾ ಹೇಳಿದವರನ್ನ ಮೊದಲು ಎಷ್ಟರಲ್ಲಿ ಅಂತ ಕೇಳ್ಬೇಕು."

ಇದು ನನಗೆ ಅರ್ಥವಾಗುವ ಮಾತು. ಇಷ್ಟು ಕೋಟು ಹೊಲಿದೆ ಎಂದರೆ ಸಾಲದು, ಎಷ್ಟು ಬಟ್ಟೆಯಲ್ಲಿ ಎಂಬುದನ್ನೂ ಹೇಳಬೇಕು.

"ಇದನ್ನೆಲ್ಲ ಮೊದಲೇ ಹೇಳ್ಬಾರ್ದಿತ್ತಾ?" ಎಂದೆ.

"ಮದುವೆಯಾದ ಹೊಸದ್ರಲ್ಲಿ ಹೇಳ್ತಿದ್ದೆ. ನೀವು ಹೂಂ ಹೂಂ ಅಂತ ಸೂಜಿಗೆ ದಾರ ಪೋಣಿಸ್ತಿದ್ರಿ."

ನನಗೆ ನೆನಪಿಲ್ಲ.

ಫೆಬ್ರುವರಿ 15, ಶನಿವಾರ

ಗೆದ್ದರು. 55–47. ಈ ಸಲ ಹೋಗದ್ದಕ್ಕೆ ಸೊನ್ನೆ, ಹೋದದ್ದಕ್ಕೆ ಗೀಟು. ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು ಎಂಬುದೇ ಗೊಂದಲವಾಗುತ್ತಿತ್ತು. ಅದಕ್ಕೆ ಆಟಗಾರ್ತಿ ಬದಲಾದಾಗಲೆಲ್ಲ ಹಾಳೆಯ ಅಂಚಿನಲ್ಲಿ ಗಡಿಯಾರದ ಹೊತ್ತನ್ನೂ ಆಗಿನ ಸ್ಕೋರನ್ನೂ ಬರೆದೆ.

ಮನೆಗೆ ಬಂದು ಹೇಳುವಷ್ಟರಲ್ಲಿ ಕಂಪೌಂಡರ್ ಫೋನ್ ಮಾಡಿ ಹೇಳಿಬಿಟ್ಟಿದ್ದಳು. ಸ್ವಲ್ಪ ಬೇಜಾರಾಯಿತು.

ಫೆಬ್ರುವರಿ 17, ಸೋಮವಾರ

ಡಾಕ್ಟರು ನೋಡಿದರು. ಪದರ ಅಂಟಿದೆ, ಇನ್ನು ತಲೆ ಎತ್ತಬಹುದು ಎಂದರು. ಹನಿ ಮುಂದುವರಿಯಲಿ, ಶಾಲೆಗೆ ಇನ್ನೊಂದು ತಿಂಗಳು ರಜೆ, ಮೈದಾನದ ಗದ್ದಲ ಮೂರು ವಾರ ಬೇಡ. ಆಮೇಲೆ ಬಲಗಣ್ಣು ಮುಚ್ಚಿಸಿ, ಹೆಬ್ಬೆರಳು ತೋರಿಸಿ ಇದೇನು ಎಂದು ಕೇಳಿದರು. "ಕೈ ಇರ್ಬೇಕು" ಎಂದಳು. ನಡುವಿನ ಭಾಗ ಬಹಳ ದಿನ ಕಳಚಿಕೊಂಡಿತ್ತು, ಬೆಳಕು ನೆರಳು ತಿಳಿಯುತ್ತದೆ, ಅದಕ್ಕಿಂತ ಹೆಚ್ಚು ಬರುವುದು ಅನುಮಾನ ಎಂದರು. ಮೆಲ್ಲಗೆ, ಒಳ್ಳೆಯ ಮಾತಿನಲ್ಲೇ ಹೇಳಿದರು.

ಮನೆಯೊಳಗೆ ಕಾಲಿಟ್ಟ ಮೇಲೆ ನನ್ನ ಮುಖವನ್ನು ನೋಡಿ, "ಗಡ್ಡ ಮಾಡ್ಕೊಳ್ಳಿ" ಎಂದಳು.

ಫೆಬ್ರುವರಿ 18, ಮಂಗಳವಾರ

ಕೋಟು ಎಪ್ಪತ್ತಾರು ಬಾಕಿ. ಅವಳು ದಿನವಿಡೀ ಬಲಗಣ್ಣು ಮುಚ್ಚಿಕೊಂಡು ಕಿಟಕಿಯನ್ನು ನೋಡುತ್ತಿದ್ದಳು.

ಫೆಬ್ರುವರಿ 22, ಶನಿವಾರ

58–60. ಎರಡೇ ಅಂಕ. ಊಟಕ್ಕೆ ಮೊದಲೇ ಹಾಳೆ ಬಿಡಿಸಿದೆ, ಯಾಕೋ.

ಅಂಚಿನ ಬರಹವನ್ನು ನೋಡುತ್ತಾ ಕೂತಿದ್ದೆ. ಅಂಚೆಯ ಸಾಲು ಹೆಚ್ಚುಕಡಿಮೆ ಖಾಲಿ. ಎರಡು ಅಂಕ, ಒಂದು ರೀಬೌಂಡ್, ಅಂದರೆ ತಪ್ಪಿ ಪುಟಿದ ಚೆಂಡನ್ನು ಹಿಡಿದದ್ದು ಒಂದೇ ಸಲ. ಆದರೆ ಅವಳು ಒಳಗಿದ್ದ ಹದಿನಾಲ್ಕು ನಿಮಿಷದಲ್ಲಿ ನಮ್ಮವರು 31, ಅವರು 18. ಅವಳಿಲ್ಲದ ಇಪ್ಪತ್ತಾರು ನಿಮಿಷದಲ್ಲಿ ನಮ್ಮವರು 27, ಅವರು 42. ಹೋದ ವಾರದ ಹಾಳೆ ತೆಗೆದೆ. ಅಲ್ಲೂ ಅವಳಿದ್ದಾಗ ಆರು ಅಂಕ ಮೇಲು.

ಹೆಂಡತಿಗೆ ಹೇಳಿದೆ. "ಇದನ್ನ ಯಾರು ಹೇಳಿಕೊಟ್ರು ನಿಮಗೆ?" ಎಂದಳು.

"ಯಾರೂ ಇಲ್ಲ. ಬರ್ದಿದ್ದು ಕಣ್ಣಿಗೆ ಬಿತ್ತು."

"ಇದಕ್ಕೆ ಪ್ಲಸ್ ಮೈನಸ್ ಅಂತಾರೆ. ಒಬ್ಬಳು ಒಳಗಿದ್ದಾಗ ತಂಡ ಎಷ್ಟು ಮೇಲೆ, ಎಷ್ಟು ಕೆಳಗೆ ಅನ್ನೋದು. ಪರವಾಗಿಲ್ಲ ನೀವು."

"ಹಾಗಿದ್ರೆ ಅವಳನ್ನ ಹೆಚ್ಚು ಆಡಿಸ್ಬಾರ್ದಾ?"

"ಎರಡು ಮ್ಯಾಚ್ ನೋಡಿ ಹೇಳೋ ಮಾತಲ್ಲ ಅದು. ಬಿಡಿ, ಯಾರಿಗೂ ಹೇಳೋಕೆ ಹೋಗ್ಬೇಡಿ."

ಮಲಗುವ ಕೋಣೆಗೆ ಹೋಗಿಬಿಟ್ಟಳು. ಎರಡಲ್ಲದಿದ್ದರೆ ಎಷ್ಟು ಮ್ಯಾಚ್ ಬೇಕು ಎಂದು ಹೇಳಲೇ ಇಲ್ಲ. ಉಳಿದಿರುವುದೇ ಎರಡು.

ಮಾರ್ಚ್ 1, ಶನಿವಾರ

49–63.

ಬರೆಯಲು ಮನಸ್ಸಿಲ್ಲ, ಬರೆಯದೆ ಕೂರಲೂ ಆಗುತ್ತಿಲ್ಲ. ಆಟಕ್ಕೆ ಮೊದಲು ಕಂಪೌಂಡರನ್ನು ಕರೆದು, ಇವತ್ತು ಅಂಚೆಯನ್ನು ಹೆಚ್ಚು ಹೊತ್ತು ಆಡಿಸು ಎಂದೆ. "ಯಾಕೆ ಭಾವ?" ಎಂದಳು. ದರ್ಜಿಯೊಬ್ಬ ಹಾಳೆ ನೋಡಿ ಹೇಳಿದ ಎಂದರೆ ಅವಳು ಕೇಳುವವಳಲ್ಲ. "ಅಕ್ಕ ಹೇಳಿದಾರೆ" ಎಂದೆ.

ಅಂಚೆ ನನ್ನ ಕಡೆ ಒಮ್ಮೆ ನೋಡಿದಳು. ಬೂಟಿನ ದಾರ ಬಿಗಿದಳು. ಎರಡನೇ ಕ್ವಾರ್ಟರಿನಲ್ಲಿ ಕಂಪೌಂಡರಿಗೆ ನಾಲ್ಕು ಫೌಲ್ ಆಗಿ, ಐದಾದರೆ ಆಟದಿಂದಲೇ ಹೊರಗೆ ಎಂದು ಬೆಂಚಿನಲ್ಲಿ ಕೂರಬೇಕಾಯಿತು. ಅಂಚೆ ಮೂವತ್ತೊಂದು ನಿಮಿಷ ಆಡಿದಳು. ಕೊನೆಗೆ ಅವಳ ಕಡೆಯಿಂದಲೇ ನುಗ್ಗಿ ನುಗ್ಗಿ ಅಂಕ ಮಾಡಿದರು. ಒಮ್ಮೆ ತಿರುಗಲಾಗದೆ ನಿಂತೇಬಿಟ್ಟಳು. ಪ್ರೇಕ್ಷಕರಲ್ಲಿ ಯಾರೋ ನಕ್ಕರು.

ಅವಳ ಸಾಲಿನಲ್ಲಿ ಮೈನಸ್ ಹದಿನೇಳು.

ಮಾರ್ಚ್ 2, ಭಾನುವಾರ

ಕಂಪೌಂಡರ್ ಫೋನ್ ಮಾಡಿದ್ದಳು. ಹೆಂಡತಿ ಪೂರ್ತಿ ಕೇಳಿಸಿಕೊಂಡು, "ಸರಿ ಕಣಮ್ಮ" ಎಂದಷ್ಟೇ ಹೇಳಿ ಇಟ್ಟಳು. ತಿಂಡಿ ಆಯಿತು. ಆಮೇಲೆ ತಟ್ಟೆ ತೊಳೆಯುತ್ತಾ ಹೇಳಿದಳು:

"ಹೋಗಿರೋದು ನನ್ನ ಕಣ್ಣು. ಬಾಯಿ ಇನ್ನೂ ಇದೆ. ನನ್ನ ಪರವಾಗಿ ಮಾತಾಡೋ ಹಾಗಿದ್ರೆ ನನ್ನನ್ನ ಕೇಳಿ ಮಾತಾಡಿ."

"ತಂಡಕ್ಕೆ ಒಳ್ಳೇದಾಗ್ಲಿ ಅಂತ..."

"ಅಂಚೆನ ನಾನು ಯಾವಾಗ ಒಳಗೆ ಕಳಿಸೋಕೆ ಹೇಳಿದ್ದೆ, ಯಾರ ಜೊತೆ ಕಳಿಸೋಕೆ ಹೇಳಿದ್ದೆ, ಅದನ್ನ ನೋಡಿದ್ರಾ ನಿಮ್ಮ ಹಾಳೇಲಿ?"

ಈಗ ನೋಡಿದೆ. ಆ ಹದಿನಾಲ್ಕು ನಿಮಿಷಗಳಲ್ಲಿ ಹದಿಮೂರು ನಿಮಿಷ ಕಂಪೌಂಡರೂ ಒಳಗಿದ್ದಳು. ಎದುರಾಳಿಯ ಒಳ್ಳೆಯ ಆಟಗಾರ್ತಿಯರು ದಣಿದು ಕೂತಿದ್ದ ಹೊತ್ತು ಅದು. ಅಂಕಿ ಸರಿಯಾಗಿಯೇ ಇತ್ತು. ನಾನು ಅದನ್ನು ಒಬ್ಬಳ ಹೆಗಲಿಗೆ ಹೊರಿಸಿದ್ದೆ.

ಮಾರ್ಚ್ 3, ಸೋಮವಾರ

ಹನ್ನೊಂದು ಗಂಟೆಗೆ ಅಂಚೆ ಅಂಗಡಿಗೆ ಕಾಗದ ತಂದಳು. ಮೆಟ್ಟಿಲನ್ನು ಒಂದೇ ಕಾಲಿಗೆ ಭಾರ ಕೊಟ್ಟು ಹತ್ತಿದಳು. ಯಂತ್ರ ನಿಲ್ಲಿಸಿ ಸ್ಟೂಲು ಕೊಟ್ಟೆ. ಕೂತಳು.

"ಶನಿವಾರದ್ದು ನಂದೇ ತಪ್ಪು. ಅಕ್ಕ ಹೇಳಿರ್ಲಿಲ್ಲ. ನಾನೇ ಹೇಳಿದ್ದು" ಎಂದೆ.

"ಗೊತ್ತು ಭಾವ."

"ಹೇಗೆ?"

"ಅಕ್ಕ ಹಾಗೆ ಹೇಳೋರಲ್ಲ. ನನ್ನ ಮೊಣಕಾಲು ಹದಿನೈದು ನಿಮಿಷದ್ದು. ಆಮೇಲೆ ಬಾವು ಬರುತ್ತೆ. ಅದು ಅಕ್ಕನಿಗೊಬ್ಬರಿಗೇ ಗೊತ್ತು. ಎರಡು ವರ್ಷದಿಂದ ಹಾಗೇ ಆಡಿಸ್ತಿದಾರೆ. ಆಫೀಸಲ್ಲಿ ಗೊತ್ತಾದ್ರೆ ನಡೆದಾಡೋ ಕೆಲಸ ತಪ್ಪಿಸಿ ಒಳಗೆ ಕೂರಿಸ್ತಾರೆ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

ಕಾಗದದ ಕಟ್ಟಿನ ರಬ್ಬರ್ ಬ್ಯಾಂಡನ್ನು ಎಳೆದು ಬಿಟ್ಟಳು. "ಒಂದು ದಿನ ಪೂರ್ತಿ ಆಡ್ಬೇಕು ಅಂತ ನನಗೂ ಆಸೆ ಇರಲ್ವಾ?"

ಮೊಣಕಾಲಿಗೆ ಬಿಗಿಯಾದ ಪಟ್ಟಿಯೊಂದನ್ನು ಹೊಲಿದು ಕೊಡುತ್ತೇನೆ ಎಂದು ಟೇಪು ತೆಗೆದು ಅಳತೆ ಹಿಡಿದೆ. ಬಲಗಾಲಿಗಿಂತ ಎಡಗಾಲು ಒಂದೂವರೆ ಇಂಚು ಹೆಚ್ಚು ದಪ್ಪ. ಊದಿಕೊಂಡಿತ್ತು. ಬರೆದುಕೊಳ್ಳಲಿಲ್ಲ.

ಮಾರ್ಚ್ 4, ಮಂಗಳವಾರ

ಅಂಚೆಯ ಬಳಿ ತಪ್ಪೊಪ್ಪಿಕೊಂಡೆ ಎಂದು ಹೆಂಡತಿಗೆ ಹೇಳಿದೆ. "ಒಳ್ಳೇದು" ಎಂದಳು. ಆಮೇಲೆ ತಾನಾಗಿಯೇ ಕೇಳಿದಳು, "ಆ ಹಾಳೆಗಳನ್ನ ತನ್ನಿ ಇಲ್ಲಿ, ಯಾರ್ಯಾರು ಯಾರ ಜೊತೆ ಆಡಿದ್ದು ನೋಡೋಣ." ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಬಲಗಣ್ಣಿನ ಹತ್ತಿರ ಹಿಡಿದು ಓದಿದಳು.

ಆಸ್ಪತ್ರೆಯಿಂದ ಕೋಟು ಕೇಳಿ ಆಳು ಬಂದಿದ್ದ. ಮೂವತ್ತೊಂದು ಬಾಕಿ. ಮುಂದಿನ ವಾರ ಎಂದೆ.

ಮಾರ್ಚ್ 8, ಶನಿವಾರ

ಕೊನೆಯ ಮ್ಯಾಚ್. ಡಾಕ್ಟರು ಹೇಳಿದ ಮೂರು ವಾರಕ್ಕೆ ಎರಡು ದಿನ ಕಡಿಮೆ. ಕಪ್ಪು ಕನ್ನಡಕ ಹಾಕಿಕೊಂಡು ಹೊರಟಳು. ನಾನು ತಡೆಯಲಿಲ್ಲ. ಅವಳು ಒಳಗೆ ಹೋದಾಗ ಹುಡುಗಿಯರು ಓಡಿ ಬಂದರು, ಹತ್ತಿರ ಬಂದ ಮೇಲೆ ಮುಟ್ಟಲು ಹೆದರಿ ನಿಂತರು. "ಏನ್ರೇ, ಗಾಜಿನ ಗೊಂಬೆ ನೋಡ್ದಂಗೆ ನೋಡ್ತೀರ" ಎಂದು ಅವಳೇ ಏಣಿಯ ಬೆನ್ನಿಗೊಂದು ಗುದ್ದಿದಳು.

ನಾನು ಅವಳ ಎಡಗಡೆ ಹಾಳೆ ಹಿಡಿದು ಕೂತೆ. ಮೊದಲ ಅರ್ಧ ನಾಲ್ಕು ಅಂಕ ಹಿಂದೆ. ಮೂರನೇ ಕ್ವಾರ್ಟರಿನಲ್ಲಿ ಎದುರಾಳಿಯ ಹದಿನಾಲ್ಕನೇ ನಂಬರಿನವಳು ನಮ್ಮ ಎಡ ಮೂಲೆಯಿಂದ ಮೂರು ಸಲ ಎಸೆದಳು, ಮೂರೂ ಹೋಯಿತು. ಮೂರು ಗೀಟು ಹಾಕಿದೆ. ಹೆಂಡತಿ ಸುಮ್ಮನೇ ಇದ್ದಳು. ಎದುರಾಳಿ ಸಲೀಸಾಗಿ ನಿಂತು ಎಸೆಯುತ್ತಿರುವಾಗ ಸುಮ್ಮನಿರುವ ಹೆಂಗಸಲ್ಲ ಇವಳು. ತಿರುಗಿ ನೋಡಿದೆ. ಕುತ್ತಿಗೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿಕೊಂಡು ಹುಡುಕುತ್ತಿದ್ದಳು. ಅಷ್ಟರಲ್ಲಿ ಬಲಗಡೆಯದು ತಪ್ಪಿಹೋಗುತ್ತಿತ್ತು.

ವಿರಾಮದಲ್ಲಿ, ಹುಡುಗಿಯರಿಗೆ ಕೇಳಿಸದ ಹಾಗೆ ಹೇಳಿದಳು: "ರೀ, ನನಗೆ ಆ ಮೂಲೆ ಕಾಣ್ತಿಲ್ಲ."

ನಾಲ್ಕನೇ ಕ್ವಾರ್ಟರ್ ಶುರುವಾದಾಗ ಒಂಬತ್ತು ಅಂಕ ಹಿಂದೆ ಇದ್ದೆವು. ನಾನು ಹೇಳತೊಡಗಿದೆ. "ಹದಿನಾಲ್ಕು ಮೂಲೆಗೆ ಬಂದ್ಲು. ಒಬ್ಬಳೇ ಇದಾಳೆ." ಅವಳು ಕೂಗಿ ಏಣಿಯನ್ನು ಆ ಕಡೆ ಕಳಿಸಿದಳು. "ನಮ್ಮವಳು ಅಡ್ಡ ನಿಂತ್ಲು. ಪಾಸ್ ಹಿಂದಕ್ಕೆ ಹೋಯ್ತು. ಐದನೇ ನಂಬರು ಎಡಗಡೆಯಿಂದ ಓಡ್ತಿದಾಳೆ, ಎಡಗೈಲೇ ಆಡ್ತಾಳೆ ಅವಳು." "ಎಡಗೈನಾ?" "ಹೌದು, ಯಾವಾಗ್ಲೂ." ಇದು ಹಾಳೆಯ ಯಾವ ಮನೆಯಲ್ಲೂ ಇಲ್ಲ. ನನಗೆ ಗೊತ್ತಿದೆ ಎಂದು ನನಗೇ ಗೊತ್ತಿರಲಿಲ್ಲ. ಕೊನೆಯ ಆರು ನಿಮಿಷಕ್ಕೆ ಅಂಚೆಯನ್ನು ಕಳಿಸಿದಳು. ಎಡಗೈಯವಳ ಮುಂದೆ ಅಂಚೆ ಗೋಡೆಯ ಹಾಗೆ ನಿಂತಳು.

ಒಂದು ನಿಮಿಷ ಉಳಿದಾಗ ಏಳು ಅಂಕ ಹಿಂದೆ. ಮುಗಿಯಿತು ಅಂದುಕೊಂಡೆ, ಹುಡುಗಿಯರ ಕಾಲೂ ಸೋತಿತ್ತು. ಇವಳು ಎದ್ದು ನಿಂತು, "ಬಿಡ್ಬೇಡಿ, ಒಂದೊಂದು ಅಂಕಕ್ಕೂ ಓಡಿ" ಎಂದು ಗಂಟಲು ಕಟ್ಟುವ ತನಕ ಕೂಗಿದಳು. ಕಂಪೌಂಡರ್ ಫೌಲಿಗೆ ಸಿಕ್ಕ ಎರಡು ಫ್ರೀ ಥ್ರೋ ಹಾಕಿದಳು, ಎರಡಂಕ. ಏಣಿ ಇನ್ನೊಂದು ಎರಡಂಕ. ಸೀಟಿ ಊದಿದರು. 56–59.

"ಸೋತ ಮೇಲೆ ಅಷ್ಟು ಯಾಕೆ ಓಡಿಸ್ದೆ?" ಎಂದು ಬರುವಾಗ ಕೇಳಿದೆ.

"ಏಳರಿಂದ ಸೋಲೋದು ಬೇರೆ, ಮೂರರಿಂದ ಸೋಲೋದು ಬೇರೆ ರೀ."

ಸೋಲು ಸೋಲೇ ಅಲ್ಲವೇ ಎನ್ನಬೇಕೆಂದಿದ್ದೆ. ಅವಳು ನನ್ನ ತೋಳು ಹಿಡಿದು ನಡೆಯುತ್ತಿದ್ದಳು, ಫುಟ್‌ಪಾತಿನ ಅಂಚು ಎಡಗಡೆ ಇತ್ತು. ಅಂಚು ಬಂತು ಎಂದು ಎಚ್ಚರಿಸುವುದರಲ್ಲಿ ಆ ಮಾತು ಮರೆತೆ.

ಮಾರ್ಚ್ 9, ಭಾನುವಾರ

ಮಧ್ಯಾಹ್ನ ಕ್ಲಬ್ಬಿನ ಕಾರ್ಯದರ್ಶಿಯ ಫೋನ್. ಎಂಟನೆಯ ತಂಡ ಇಳಿಯುವುದು ಆಗಲೇ ಖಚಿತವಾಗಿತ್ತು; ಅದರ ಮೇಲೆ ನಮ್ಮ ಜೊತೆ ಇದ್ದ ಇನ್ನೊಂದು ತಂಡವೂ ಸೋತಿದೆ, ಹನ್ನೆರಡು ಅಂಕದಿಂದ. ಇಬ್ಬರದೂ ನಾಲ್ಕು ನಾಲ್ಕು ಗೆಲುವು. ಗೆಲುವು ಸಮ ಇದ್ದರೆ ಇಡೀ ಲೀಗಿನಲ್ಲಿ ಹಾಕಿದ ಅಂಕದಿಂದ ಬಿಟ್ಟುಕೊಟ್ಟ ಅಂಕವನ್ನು ಕಳೆದು ನೋಡುತ್ತಾರಂತೆ. ನಮ್ಮದು ಮೈನಸ್ ನಲವತ್ತೊಂದು. ಅವರದು ಮೈನಸ್ ನಲವತ್ತಮೂರು. ಅವರು ಇಳಿದರು, ನಾವು ಉಳಿದೆವು.

"ಬ್ಯಾಡ್ಮಿಂಟನ್‌ನೋರಿಗೆ ಬೇಜಾರಾಗಿರ್ಬೇಕು" ಎಂದು ಹೆಂಡತಿ ಫೋನಿಟ್ಟಳು. ಆಮೇಲೆ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತು ಅತ್ತಳು. ಆಪರೇಷನ್ ಆದಮೇಲೆ ಅತ್ತದ್ದು ಇದೇ ಮೊದಲು. ಕಣ್ಣಿಗೆ ಒಳ್ಳೆಯದಲ್ಲ ಎಂದು ಹೇಳಬೇಕಿತ್ತು. ಪಕ್ಕದಲ್ಲಿ ಹೋಗಿ ನಿಂತೆ. ಎರಡೂ ಕಣ್ಣಿಂದ ನೀರು ಬರುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಹಾಳೆ ಕೇಳಿದಳು. ಏಣಿ ಕೊನೆಯ ಕ್ವಾರ್ಟರಿನಲ್ಲಿ ಎಷ್ಟು ಎಸೆದಳು ಎಂದು ನೋಡಬೇಕಂತೆ. ಆಗ ಗೊತ್ತಾಯಿತು, ನಾಲ್ಕನೇ ಕ್ವಾರ್ಟರಿನಲ್ಲಿ ನಾನು ಒಂದೂ ಗೀಟು ಹಾಕಿಲ್ಲ, ಒಂದೂ ಸೊನ್ನೆ ಬರೆದಿಲ್ಲ. ಪೂರ್ತಿ ಖಾಲಿ. ತಪ್ಪಾಯಿತು ಎಂದೆ. ಅವಳು ಖಾಲಿ ಮನೆಗಳ ಮೇಲೆ ಬೆರಳಾಡಿಸಿ, "ಹಾಗಿದ್ರೆ ಬಾಯಲ್ಲೇ ಹೇಳಿ" ಎಂದಳು. ಮೊದಲಿಂದ ಹೇಳಿದೆ. ಎರಡು ಕಡೆ ಅವಳು ತಿದ್ದಿದಳು, ಒಂದು ಕಡೆ ನಾನು ಬಿಟ್ಟುಕೊಡಲಿಲ್ಲ.

ಮಾರ್ಚ್ 10, ಸೋಮವಾರ

ಮೂವತ್ತೊಂದು ಕೋಟಿನಲ್ಲಿ ಹದಿನೆಂಟು ಮುಗಿದವು. ಬೆನ್ನು ನೋವು. ಅಂಚೆಯ ಮೊಣಕಾಲಿನ ಪಟ್ಟಿ ಇವತ್ತು ಹೊಲಿದು ಕೊಟ್ಟೆ.

ಬೇಸಿಗೆಯಲ್ಲಿ ಪಂದ್ಯ ಇಲ್ಲ, ಶನಿವಾರ ಬರೀ ಅಭ್ಯಾಸ, ನಾಲ್ಕು ಗಂಟೆಗೆ. ಇನ್ನು ಮೇಲೆ ಶನಿವಾರ ಮೂರೂವರೆಗೇ ಮುಚ್ಚಲಾಗುವುದು ಎಂದು ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದೆ. ಅಭ್ಯಾಸದ ದಿನ ಯಾರೂ ಲೆಕ್ಕ ಬರೆಯುವುದಿಲ್ಲವಂತೆ. ಪೆನ್ಸಿಲ್ ತರಬೇಡಿ ಎಂದಿದ್ದಾಳೆ.